ಬಾರದವರ ಜಾಗ

ಹೊಸನಗರದ ಹಳೇ ಸಂತೆ ಮೈದಾನದಲ್ಲಿ ದಿನಾ ಸಂಜೆ ಐದೂಕಾಲಿಗೆ ವಾಲಿಬಾಲ್ ಶುರುವಾಗುತ್ತದೆ. ಆಡುವವರು ಹನ್ನೆರಡು ಜನ, ಆ ಕಡೆ ಆರು, ಈ ಕಡೆ ಆರು. ಪಂದ್ಯಾವಳಿಗೆ ಹೋದಾಗ ನಿಯಮದ ಪ್ರಕಾರ ಜಾಗ ಬದಲಿಸುತ್ತ ಸುತ್ತುತ್ತಾರೆ, ಅದು ಬೇರೆ ಮಾತು. ಊರಿನ ಕೋರ್ಟಿನಲ್ಲಿ ಮಾತ್ರ ಒಮ್ಮೆ ಒಂದು ಕಡೆ ನಿಂತವನು ಸಾಯುವ ತನಕ ಅಲ್ಲೇ. ಬಟ್ಟೆ ಅಂಗಡಿಯ ಯೋಗರಾಜ್ ಹಿಂದೆ ಎಡಗಡೆ ಅಂದರೆ ಹಿಂದೆ ಎಡಗಡೆಯೇ. ಅವನು ನಿಲ್ಲುವಲ್ಲಿ ನೆಲ ಗುಳಿ ಬಿದ್ದಿದೆ. ಮಳೆಗಾಲ ಮುಗಿದ ಮೇಲೆ ಮಣ್ಣು ಹಾಕಿ ಮಟ್ಟ ಮಾಡಿದರೆ ಹದಿನೈದು ದಿನಕ್ಕೆ ಮತ್ತೆ ಗುಳಿ. ಇನ್ನೊಬ್ಬರ ಜಾಗದಲ್ಲಿ ಯಾರಾದರೂ ಹೋಗಿ ನಿಂತರೆ ಬೈಯುವವರಿಲ್ಲ. ಆದರೆ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಕೈ ಹಾಕಿದವನನ್ನು ನೋಡುವ ಹಾಗೆ ಎಲ್ಲರೂ ಒಂದು ಸಲ ತಿರುಗಿ ನೋಡುತ್ತಾರೆ.

ಸುರೇಂದ್ರ ಹದಿಮೂರನೆಯವನು.

ಅವನು ಮೂಲದಲ್ಲಿ ಅರಳಸುರಳಿಯವನು. ಮೋಟಾರ್ ವೈಂಡಿಂಗ್ ಕಲಿತು, ಹೊಸನಗರಕ್ಕೆ ಬಂದು, ಮೈದಾನದ ಎದುರು ರಸ್ತೆಯ ಬದಿಯಲ್ಲಿ ಒಂದು ಅಂಗಡಿ ಇಟ್ಟುಕೊಂಡ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಅವನು ಬರುವಷ್ಟರಲ್ಲಿ ಹನ್ನೆರಡು ಜಾಗವೂ ಭರ್ತಿಯಾಗಿದ್ದವು. ಮೊದಲ ದಿನ ಯಾರೋ ಒಬ್ಬರು ಬಂದಿರಲಿಲ್ಲ, ‘ಬಾರಾ, ಅಲ್ಲಿ ನಿಲ್ಲು’ ಅಂದರು. ನಿಂತ. ಮಾರನೆಯ ದಿನ ಅವರು ಬಂದರು, ಇನ್ನೊಬ್ಬರು ಬರಲಿಲ್ಲ. ಅವರ ಜಾಗದಲ್ಲಿ ನಿಂತ. ಹೀಗೆ ಶುರುವಾದದ್ದು ಹನ್ನೊಂದು ವರ್ಷ ನಡೆಯಿತು.

ಹೊಡೆಯುವವನು ಬಾರದ ದಿನ ಹೊಡೆಯುವುದು ಕಲಿತ. ನೆಟ್ಟಿನ ಹತ್ತಿರ ತಡೆಯುವವನು ಬಾರದ ದಿನ ತಡೆಯುವುದು ಕಲಿತ. ಹಿಂದೆ ನಿಂತು ಸರ್ವಿಸ್ ಎತ್ತುವುದು, ಪಾಸ್ ಕೊಡುವುದು, ಎಲ್ಲ ಬಂತು. ಯಾರನ್ನು ಕೇಳಿದರೂ ಒಂದೇ ಮಾತು: ‘ಸುರೇಂದ್ರನಾ? ಅವನನ್ನ ಎಲ್ಲಿ ಹಾಕಿದ್ರೂ ಆಡ್ತಾನೆ ಮಾರಾಯ್ರೆ.’ ಒಂದು ಸಲ ಪೇಪರಿನಲ್ಲೂ ‘ಸವ್ಯಸಾಚಿ ಆಟಗಾರ’ ಎಂದು ಬಂದಿತ್ತು. ಹೊಗಳಿಕೆ ಹೌದು, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿ ಹಾಕಿದರೂ ಆಡುವವನನ್ನು ‘ನೀನು ಎಲ್ಲಿ ನಿಲ್ತೀಯಾ’ ಅಂತ ಕೇಳುವವರು ಹುಟ್ಟಿಲ್ಲ. ಒಂದೇ ಒಂದು ಕೆಲಸ ಗೊತ್ತಿರುವವನಿಗೆ ಅದನ್ನೇ ಕೊಡಬೇಕಾಗುತ್ತದೆ. ಎಲ್ಲ ಗೊತ್ತಿರುವವನಿಗೆ ಉಳಿದದ್ದು.

ಅಂಗಡಿಯ ಬಾಗಿಲು ಎಳೆದು ರಸ್ತೆ ದಾಟುವಾಗ ಅವನ ತಲೆಯಲ್ಲಿ ಒಂದೇ ಲೆಕ್ಕ: ಇವತ್ತು ಯಾರು ಬರುವುದಿಲ್ಲ? ಪೂರ್ಣೇಶನಿಗೆ ಮಾಸ್ತಿಕಟ್ಟೆಯಲ್ಲಿ ಡ್ಯೂಟಿ, ಈ ವಾರ ಮಧ್ಯಾಹ್ನದ ಪಾಳಿ. ಬ್ಯಾಂಕಿನವರ ತಾಯಿಗೆ ಹುಷಾರಿಲ್ಲ. ಮಧುಸೂದನನ ನಾದಿನಿ ಮದುವೆ. ಊರಿನ ಹನ್ನೆರಡು ಮನೆಯ ಸುಖದುಃಖ ಅವನಿಗೆ ಗೊತ್ತಿದ್ದಷ್ಟು ಆಯಾ ಮನೆಯ ನೆಂಟರಿಗೂ ಗೊತ್ತಿರಲಿಲ್ಲ. ಮೈದಾನಕ್ಕೆ ಕಾಲಿಟ್ಟ ಕೂಡಲೇ ಅವನು ಕೇಳುವ ಮೊದಲ ಮಾತು, ‘ಇವತ್ತು ಯಾರಿಲ್ಲ?’ ಎಲ್ಲರೂ ಬಂದಿದ್ದರೆ ಕಂಬದ ಹತ್ತಿರ ಇರುವ ಕಲ್ಲಿನ ಮೇಲೆ ಕೂತು ಪಾಯಿಂಟ್ ಎಣಿಸುತ್ತಾನೆ. ಒಂದು ಸಲ ಶ್ರೀನಾಥನ ಮಗಳಿಗೆ ಜ್ವರ ಬಂದು ಶ್ರೀನಾಥ ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನವೂ ಸುರೇಂದ್ರ ಅವನ ಜಾಗದಲ್ಲಿ ಮನಸಾರೆ ಆಡಿದ. ಐದನೆಯ ದಿನ ನಾಚಿಕೆಯಾಗಿ ಒಂದು ದೊಡ್ಡ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು ಮಗುವನ್ನು ನೋಡಲು ಹೋದ. ‘ಎಷ್ಟು ಒಳ್ಳೆ ಮನುಷ್ಯ’ ಅಂದರು ಶ್ರೀನಾಥನ ಹೆಂಡತಿ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನಿಗೀಗ ಮೂವತ್ತೈದು. ಮದುವೆ ಆಗಿಲ್ಲ, ಆಗುವ ಮಾತನ್ನೂ ಯಾರೂ ಈಗ ಎತ್ತುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಅನ್ನ ಮಾಡಿಕೊಳ್ಳುತ್ತಾನೆ. ಅರಳಸುರಳಿಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ, ದೀಪಾವಳಿಗೆ ಹೋಗಿಬರುತ್ತಾನೆ. ಸಂಜೆಯ ಆ ಒಂದೂವರೆ ಗಂಟೆ ಬಿಟ್ಟರೆ ಅವನ ದಿನದಲ್ಲಿ ಮೋಟಾರಿನ ಜೊತೆಗಿನ ಮಾತೇ ಹೆಚ್ಚು.

ಕಳೆದ ಡಿಸೆಂಬರ್‌ನಲ್ಲಿ ಸಾಗರದ ಪಂದ್ಯಾವಳಿಯಲ್ಲಿ ಅವರ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಸೋಲಿಗೆ ಕಾರಣ ಹೇರಂಬನ ಮೊಣಕಾಲು. ಹೇರಂಬ ತಂಡದ ಪಾಸರ್, ಹದಿನೆಂಟು ವರ್ಷದಿಂದ. ಎದುರಿನವರ ಸರ್ವಿಸನ್ನು ಹಿಂದಿನವನು ಎತ್ತಿ ಕೊಟ್ಟರೆ, ಎರಡನೆಯ ಮುಟ್ಟು ಪಾಸರ್‌ನದು. ಅವನು ನೆಟ್ಟಿನ ಹತ್ತಿರ ನಿಂತು, ಬಂದ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ, ಹೊಡೆಯುವವನಿಗೆ ಬೇಕಾದ ಎತ್ತರದಲ್ಲಿ ಇಡಬೇಕು. ಹೊಡೆದವನಿಗೆ ಚಪ್ಪಾಳೆ ಬೀಳುತ್ತದೆ ನಿಜ, ಆದರೆ ಪ್ರತಿಯೊಂದು ಚೆಂಡೂ ಪಾಸರ್‌ನ ಕೈ ದಾಟಿಯೇ ಹೋಗಬೇಕು. ಹೇರಂಬನಿಗೆ ನಲವತ್ತೆಂಟು ತುಂಬಿತ್ತು, ಮೊಣಕಾಲು ಊದಿ ಕುಂಬಳಕಾಯಿ ಆಗಿತ್ತು.

ಸೋತ ಮೇಲೆ ಎಲ್ಲರೂ ಚಹಾ ಕುಡಿಯಲು ಕೂತರು. ನಾಯಕ ಶ್ರೀನಾಥ ಲೋಟ ಕೆಳಗಿಟ್ಟು ಹೇಳಿದ: ‘ಹೇರಂಬಣ್ಣ, ಬೇಜಾರ್ ಮಾಡ್ಕೋಬೇಡ. ಕಾಲು ಇಷ್ಟಾದ್ಮೇಲೆ ಆಡದು ಬೇಡ. ಮುಂದಿನ ತಿಂಗ್ಳು ತೀರ್ಥಹಳ್ಳಿಗೆ ಪಾಸರ್ ಸುರೇಂದ್ರ.’

‘ನಾನೇ ಹೇಳಣ ಅಂತಿದ್ದೆ,’ ಅಂದ ಹೇರಂಬ. ಅವನ ಕಣ್ಣು ಸ್ವಲ್ಪ ತುಂಬಿತ್ತು. ಸುರೇಂದ್ರನ ಬೆನ್ನು ತಟ್ಟಿದ. ‘ಇನ್ನು ಆ ಜಾಗ ನಿಂದು ಮಾರಾಯ. ನಾನು ಸುಮ್ನೆ ಬಂದು ನೋಡ್ಕೊಂಡು ಹೋಗ್ತೀನಿ.’

ಸುರೇಂದ್ರ ‘ಆಯ್ತು’ ಅಂದ. ಹೊಸನಗರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು, ತುಟಿ ಅಲ್ಲಾಡದ ಹಾಗೆ ‘ಪಾಸರ್ ಸುರೇಂದ್ರ’ ಎಂದು ಹೇಳಿ ನೋಡಿದ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಬಸ್ಸಿಳಿದು ಅಣ್ಣನಿಗೆ ಫೋನ್ ಮಾಡಿದ. ಎತ್ತಿದ್ದು ಅತ್ತಿಗೆ ಚೈತ್ರಾ.

‘ಅವ್ರು ಗದ್ದೆ ಕಡೆ ಹೋಗಿದಾರೆ. ಎಂತ ಆಗ್ಬೇಕಿತ್ತು?’

‘ಏನಿಲ್ಲ ಅತ್ಗೆ. ಸುಮ್ನೆ ಮಾಡ್ದೆ.’

‘ಹುಷಾರಿದ್ದೀಯ ಅಲ್ವಾ?’

‘ಹುಷಾರಿದೀನಿ.’

ಅಲ್ಲಿಗೆ ಆ ಸಂತೋಷದ ಮಾತು ಮುಗಿಯಿತು. ಅನ್ನಕ್ಕೆ ಇಟ್ಟು, ಕುಕ್ಕರ್ ಕೂಗುವ ತನಕ ಚೆಂಡನ್ನು ಗೋಡೆಗೆ ಎತ್ತಿ ಎತ್ತಿ ಹಿಡಿದ.

ಮರುದಿನದಿಂದ ಬೆಳಗಿನ ಆರು ಗಂಟೆಗೆ ಅಂಗಡಿಯ ಪಕ್ಕದ ಗೋಡೆಯೇ ಅವನ ಜೊತೆಗಾರ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಗುರುತು ಹಾಕಿಕೊಂಡ: ಶ್ರೀನಾಥನಿಗೆ ಬೇಕಾದ ಎತ್ತರ, ಪೂರ್ಣೇಶನಿಗೆ ಬೇಕಾದದ್ದು, ಮಧುಸೂದನನಿಗೆ ಬೇಕಾದ ಗಿಡ್ಡ ಪಾಸ್. ದಿನಕ್ಕೆ ಮುನ್ನೂರು ಸಲ. ಬೆರಳಿನ ತುದಿ ಒಡೆದು, ಮಧ್ಯಾಹ್ನ ತಂತಿ ಸುತ್ತುವಾಗ ಉರಿಯುತ್ತಿತ್ತು. ಎದುರಿನ ಹೋಟೆಲಿನ ಅಂಜನಪ್ಪ ಬಾಗಿಲಿಗೆ ನೀರು ಹಾಕುತ್ತ, ‘ಎಂತ ಸುರೇಂದ್ರ, ಗೋಡೆ ಬೀಳ್ಸ್ತೀಯನಾ?’ ಅಂತ ರೇಗಿಸುತ್ತಿದ್ದ.

ಸಂಜೆ ಮಾತ್ರ ಹಳೆಯ ಕತೆಯೇ. ಹೇರಂಬನ ಜಾಗದಲ್ಲಿ ಅವನು ಹೋಗಿ ನಿಂತು ಹತ್ತು ನಿಮಿಷ ಆಗಿರುವುದಿಲ್ಲ, ಶ್ರೀನಾಥ ಕೂಗುತ್ತಿದ್ದ: ‘ಸುರೇಂದ್ರ, ಪೂರ್ಣೇಶ ಬಂದಿಲ್ಲ ನೋಡು. ನೀನು ಆ ಕಡೆ ಹೊಡಿಯಕ್ಕೆ ಹೋಗು. ಪಾಸು ಹೆಂಗೋ ನಡೆಯುತ್ತೆ.’ ತಿಂಗಳಲ್ಲಿ ಅವನು ಪಾಸರ್ ಆಗಿ ಪೂರ್ತಿ ನಿಂತದ್ದು ಒಂಬತ್ತು ದಿನ. ಉಳಿದ ದಿನ ಹೆಂಗೋ ನಡೆಯಿತು. ಅವನು ಎದುರು ಮಾತಾಡಲಿಲ್ಲ. ತೀರ್ಥಹಳ್ಳಿಯಲ್ಲಿ ಆಡಿದರೆ ಸಾಕು, ಒಂದು ಸಲ ಅಲ್ಲಿ ಎಲ್ಲರ ಕಣ್ಣ ಮುಂದೆ ಪಾಸರ್ ಆಗಿ ಗೆದ್ದುಬಿಟ್ಟರೆ ಆಮೇಲೆ ಯಾರೂ ತನ್ನನ್ನು ಅಲ್ಲಿಂದ ಎತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ.

ಜನವರಿಯ ಒಂದು ಭಾನುವಾರ ತೀರ್ಥಹಳ್ಳಿಯ ಪಂದ್ಯಾವಳಿ. ಎಂಟು ತಂಡ, ಒಂದೇ ದಿನ, ಬೆಳಿಗ್ಗೆ ಒಂಬತ್ತಕ್ಕೆ ಶುರು. ತಂಡದವರು ಓಮ್ನಿಯಲ್ಲಿ ಹೋದರು. ನೋಡಲು ಬರುತ್ತೇನೆ ಎಂದಿದ್ದ ಹೇರಂಬನೂ ಹತ್ತಿದ್ದರಿಂದ ಜಾಗ ಸಾಲದೆ ಸುರೇಂದ್ರ ತನ್ನ ಬೈಕಿನಲ್ಲಿ ಹಿಂದೆ ಬಂದ.

ಮೊದಲ ಪಂದ್ಯದ ಹೊತ್ತಿಗೆ ಪೂರ್ಣೇಶನಿಲ್ಲ. ಪಾಳಿ ಮುಗಿಸಿ ಮಾಸ್ತಿಕಟ್ಟೆಯಿಂದ ನೇರ ಬರುತ್ತೇನೆ ಅಂದವನು ಘಟ್ಟದ ಆ ಕಡೆಯಿಂದ ಬರುತ್ತಿದ್ದ ಲಾರಿಯ ಹಿಂದೆ ಸಿಕ್ಕಿಕೊಂಡಿದ್ದ. ಶ್ರೀನಾಥ ಸುರೇಂದ್ರನ ಭುಜದ ಮೇಲೆ ಕೈ ಹಾಕಿದ.

‘ಇದೊಂದು ಮ್ಯಾಚ್ ಹೊಡಿಯಕ್ಕೆ ನಿಲ್ಲು ಮಾರಾಯ. ಹೇರಂಬಣ್ಣನ ಹೆಸ್ರೂ ಕೊಟ್ಟಿದೀನಿ, ಪಾಸಿಗೆ ಅವ್ರು ನಿಲ್ತಾರೆ.’

ಸುರೇಂದ್ರ ನಿಂತ, ಹೊಡೆದ, ಗೆದ್ದರು. ಸೆಮಿಫೈನಲ್ ಹೊತ್ತಿಗೆ ಪೂರ್ಣೇಶ ಬಂದ, ಆದರೆ ನೆಟ್ಟಿನಲ್ಲಿ ಚೆಂಡು ತಡೆಯುವ ಮಧುಸೂದನನ ಬೆರಳು ಉಳುಕಿತ್ತು. ‘ಇದೊಂದು ಮ್ಯಾಚ್ ತಡಿ.’ ತಡೆದ. ಮತ್ತೆ ಗೆದ್ದರು. ಮೈಕಿನವನು ‘ಮೊದಲ ಪಂದ್ಯದಲ್ಲಿ ಹೊಡೆತಗಾರ, ಈಗ ಗೋಡೆ! ಯಾರಪ್ಪ ಈ ಸವ್ಯಸಾಚಿ?’ ಎಂದು ಕೂಗಿದಾಗ ಜನ ಸಿಳ್ಳೆ ಹೊಡೆದರು. ಸುರೇಂದ್ರನ ಕಿವಿಗೆ ಆ ಸಿಳ್ಳೆ ಇಳಿಯಲಿಲ್ಲ. ಅವನ ಕಣ್ಣೆಲ್ಲ ನೆಟ್ಟಿನ ಹತ್ತಿರ ಕುಂಟುತ್ತಿದ್ದ ಹೇರಂಬನ ಮೇಲೆ. ಆ ಎರಡು ಹೆಜ್ಜೆ ಜಾಗಕ್ಕಾಗಿ ತಿಂಗಳು ಪೂರ್ತಿ ಬೆರಳು ಒಡೆದುಕೊಂಡವನು ಅವನು, ಅಲ್ಲಿ ನಿಂತವನು ಇನ್ನೊಬ್ಬ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಫೈನಲ್‌ಗೆ ಮುಂಚೆ ಅರ್ಧ ಗಂಟೆ ಬಿಡುವು. ಹೇರಂಬ ಪೆಂಡಾಲಿನ ಹಿಂದೆ ಕಾಲು ಚಾಚಿ ಕೂತು, ಮೊಣಕಾಲಿಗೆ ಐಸ್ ಒತ್ತಿಕೊಂಡು, ಹೆಂಡತಿ ಮಹಾಲಕ್ಷ್ಮಿಗೆ ಫೋನಿನಲ್ಲಿ, ಮನೆಯ ಹವ್ಯಕ ಮಾತಿನಲ್ಲಿ, ತಾನು ಆಡುತ್ತಲೇ ಇಲ್ಲ ಎಂದು ಸುಳ್ಳು ಹೇಳುತ್ತಿದ್ದ. ‘ಇಲ್ಲೆ ಮಾರಾಯ್ತಿ, ಆನು ಆಡ್ತ್ನಿಲ್ಲೆ. ಸುಮ್ನೆ ಕೂತ್ಕಂಡು ನೋಡ್ತಾ ಇದ್ದಿ.’ ಎದುರಿಗೆ ಬಂದು ನಿಂತ ಸುರೇಂದ್ರನನ್ನು ಕಂಡು ಕಣ್ಣು ಮಿಟುಕಿಸಿದ. ಸುರೇಂದ್ರ ನಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳುವುದೆಂದು ನಿರ್ಧರಿಸಿ ಶ್ರೀನಾಥನನ್ನು ಹುಡುಕಿಕೊಂಡು ಹೋದ.

‘ಶ್ರೀನಾಥಣ್ಣ, ಫೈನಲ್‌ಗೆ ನಾನು ಪಾಸಿಗೆ ಅಲ್ದಾ?’

ಶ್ರೀನಾಥ ಬೂಟಿನ ಲೇಸು ಕಟ್ಟುತ್ತಿದ್ದ. ‘ಮಧು ಬೆರಳು ಹೆಂಗಿದೆ ನೋಡ್ಕೊಂಡು ಹೇಳ್ತೀನಿ. ನಿಂಗೆ ಎಲ್ಲಿ ಆದ್ರೂ ಆಗುತ್ತಲ್ಲ.’

‘ನಂಗೆ ಎಲ್ಲಿ ಆದ್ರೂ ಆಗಲ್ಲ ಶ್ರೀನಾಥಣ್ಣ,’ ಅಂದ ಸುರೇಂದ್ರ. ‘ನಂಗೆ ಅಲ್ಲೇ ಆಗ್ಬೇಕು.’

ಶ್ರೀನಾಥ ತಲೆ ಎತ್ತಿ ನೋಡಿದ. ಕೆಟ್ಟವನಲ್ಲ ಅವನು. ಈ ಮನುಷ್ಯನಿಗೂ ಬೇಕು ಅನ್ನುವುದು ಒಂದಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಹೇರಂಬ ಕುಂಟುತ್ತ ಬಂದು ಜರ್ಸಿ ತೆಗೆದು ಹೆಗಲ ಮೇಲೆ ಹಾಕಿಕೊಂಡ. ‘ನನ್ನ ಕೈಲಿ ಆಗಲ್ಲ. ಇನ್ನೊಂದು ಸೆಟ್ ಆಡಿದ್ರೆ ನನ್ನ ಹೊತ್ಕೊಂಡೇ ಹೋಗ್ಬೇಕು.’ ಮಧುಸೂದನ ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡುತ್ತೇನೆ ಅಂದ. ಹಾಗೆ ಸುರೇಂದ್ರನಿಗೆ ಅವನ ಜಾಗ ಸಿಕ್ಕಿತು.

ಮೊದಲ ಸೆಟ್ಟನ್ನು ತೀರ್ಥಹಳ್ಳಿಯಲ್ಲಿ ಅವತ್ತು ನೋಡಿದವರು ಇನ್ನೂ ನೆನೆಯುತ್ತಾರೆ. ಹಿಂದಿನಿಂದ ಯೋಗರಾಜ್ ಎತ್ತಿ ಕಳಿಸುತ್ತಿದ್ದ, ಸುರೇಂದ್ರನ ಬೆರಳಿಗೆ ಚೆಂಡು ಬಂದು ಸದ್ದಿಲ್ಲದೆ ಮೇಲೇಳುತ್ತಿತ್ತು, ಶ್ರೀನಾಥನಿಗೆ ಶ್ರೀನಾಥನ ಎತ್ತರಕ್ಕೆ, ಪೂರ್ಣೇಶನಿಗೆ ಪೂರ್ಣೇಶನ ಎತ್ತರಕ್ಕೆ. ಒಮ್ಮೆ ಎಡಗಡೆಗೆ ಕೊಡುವವನಂತೆ ಕಂಡು ಬೆನ್ನ ಹಿಂದೆ ಕೊಟ್ಟ. ಎದುರಿನ ಇಬ್ಬರು ಗಾಳಿಗೆ ಎಗರಿ ಇಳಿದರು. ಶ್ರೀನಾಥ ಹೊಡೆದು ಬಂದವನು ಎಲ್ಲರನ್ನೂ ಬಿಟ್ಟು ಇವನ ಹತ್ತಿರ ಓಡಿಬಂದು ಕೈಗೆ ಕೈ ಬಡಿದ. ಎಷ್ಟು ಸುಖವಾಗಿತ್ತೆಂದರೆ ಸುರೇಂದ್ರನಿಗೆ ಸುಖ ಅಂದರೆ ಇದೇ ಇರಬೇಕು ಅನ್ನಿಸಿತು. ಇಪ್ಪತ್ತೈದು-ಇಪ್ಪತ್ತೊಂದು. ಗೆದ್ದರು.

ಎರಡನೆಯ ಸೆಟ್ಟಿನ ನಡುವೆ ಯೋಗರಾಜ್ ಚೆಂಡಿಗೆ ಹಾರಿ, ಎಡಗೈ ಊರಿ ಬಿದ್ದ. ಎದ್ದು ‘ಏನಾಗಿಲ್ಲ, ಏನಾಗಿಲ್ಲ’ ಅಂದ. ಆದರೆ ಸರ್ವಿಸಿಗೂ ಸರ್ವಿಸಿಗೂ ನಡುವೆ ಮಣಿಕಟ್ಟನ್ನು ಜಾಡಿಸಿಕೊಳ್ಳುತ್ತಿದ್ದ. ಬೇರೆ ಯಾರೂ ಗಮನಿಸಲಿಲ್ಲ. ಗಮನಿಸುವುದೇ ಕೆಲಸವಾಗಿದ್ದವನ ಕಣ್ಣಿಗೆ ಅದು ಬಿತ್ತು. ಅಲ್ಲಿಂದ ಮುಂದೆ ಸುರೇಂದ್ರ ನೆಟ್ಟಿನ ಹತ್ತಿರ ನಿಂತಿದ್ದರೂ ಅವನ ಅರ್ಧ ಜೀವ ಹಿಂದೆ ಎಡಗಡೆಯಲ್ಲಿತ್ತು. ಆ ಸೆಟ್ ಕೈತಪ್ಪಿತು.

ಮೂರನೆಯದು ಹದಿನೈದು ಪಾಯಿಂಟಿನ ಸೆಟ್. ಹದಿಮೂರು-ಹದಿಮೂರು ಆಯಿತು. ಎದುರಿನವರು ಒಂದು ಹೊಡೆದರು, ಹದಿನಾಲ್ಕು. ಇನ್ನೊಂದು ಹೋದರೆ ಪಂದ್ಯವೇ ಹೋದ ಹಾಗೆ. ಮೈದಾನದ ಸುತ್ತ ಜನ ಎದ್ದು ನಿಂತಿದ್ದರು, ಮೈಕಿನವನೂ ಸುಮ್ಮನಾಗಿದ್ದ. ಸುತ್ತು ತಿರುಗಿ ಆ ಹೊತ್ತಿಗೆ ಸುರೇಂದ್ರ ಹಿಂದೆ ಬಲಗಡೆಗೆ ಬಂದಿದ್ದ. ಪಾಸರ್ ಹಿಂದೆ ಇರುವಾಗ ಒಂದೇ ನಿಯಮ: ಎದುರಿನವನ ಕೈಯಿಂದ ಸರ್ವಿಸ್ ಬಿಟ್ಟ ತಕ್ಷಣ ಹಿಂದು ಮುಂದು ನೋಡದೆ ನೆಟ್ಟಿಗೆ ಓಡಬೇಕು. ಚೆಂಡನ್ನು ಯಾರೋ ಎತ್ತುತ್ತಾರೆ, ಎತ್ತಿ ಅಲ್ಲಿಗೇ ಕಳಿಸುತ್ತಾರೆ. ತಾನು ಅಲ್ಲಿರಬೇಕು, ಅಷ್ಟೇ.

ಸರ್ವಿಸ್ ಬಂತು. ಉದ್ದಕ್ಕೆ, ಯೋಗರಾಜನ ಎಡಗೈ ಕಡೆಗೆ.

ಸುರೇಂದ್ರ ಎರಡು ಹೆಜ್ಜೆ ನೆಟ್ಟಿನ ಕಡೆ ಇಟ್ಟ. ಆಮೇಲೆ ಅವನ ಕಾಲು ತಿರುಗಿತು. ಅವನು ತಿರುಗಿಸಲಿಲ್ಲ, ಹನ್ನೊಂದು ವರ್ಷದ ಕಾಲು ತಾನೇ ತಿರುಗಿತು. ಯೋಗಣ್ಣನ ಕೈಲಿ ಆಗಲ್ಲ, ಆ ಜಾಗ ಖಾಲಿ, ಎಂದು ಅದಕ್ಕೆ ಗೊತ್ತಿತ್ತು. ಕೋರ್ಟಿನ ಉದ್ದಗಲ ಸೀಳಿಕೊಂಡು ಅವನು ಯೋಗರಾಜನ ಪಕ್ಕಕ್ಕೆ ಬಂದು ನಿಲ್ಲುವುದಕ್ಕೂ, ಯೋಗರಾಜ್ ಹಲ್ಲು ಕಚ್ಚಿ ಎರಡೂ ಕೈ ಜೋಡಿಸಿ ಆ ಚೆಂಡನ್ನು ಎತ್ತುವುದಕ್ಕೂ ಸರಿಹೋಯಿತು. ಎತ್ತಿದ್ದೂ ಎಂಥ ಎತ್ತು! ಎತ್ತರಕ್ಕೆ, ಮೆತ್ತಗೆ, ಬೇಕೆಂದರೂ ಮತ್ತೆ ಬರದ ಹಾಗೆ, ನೇರ ನೆಟ್ಟಿನ ಹತ್ತಿರದ ಆ ಎರಡು ಹೆಜ್ಜೆ ಜಾಗಕ್ಕೆ.

ಅಲ್ಲಿ ಯಾರೂ ಇರಲಿಲ್ಲ.

ಶ್ರೀನಾಥ ಹೊಡೆಯಲು ಹಿಂದೆ ಸರಿದು ಕಾಯುತ್ತಿದ್ದ. ಪೂರ್ಣೇಶನೂ ಕಾಯುತ್ತಿದ್ದ. ಒಬ್ಬರೂ ಮುಂದೆ ಬೀಳಲಿಲ್ಲ, ಯಾಕೆಂದರೆ ಅದು ಪಾಸರ್ ಚೆಂಡು, ಪಾಸರ್ ಇದ್ದೇ ಇರುತ್ತಾನೆ. ಅದೂ ಅಲ್ಲದೆ ಖಾಲಿ ಜಾಗಕ್ಕೆ ಓಡುವ ಅಭ್ಯಾಸ ಅವರಲ್ಲಿ ಯಾರಿಗೂ ಇರಲಿಲ್ಲ. ಓಡುವವನೊಬ್ಬ ತಂಡದಲ್ಲಿ ಇದ್ದನಲ್ಲ. ಚೆಂಡು ಇಳಿದು, ನೆಲಕ್ಕೆ ಬಿದ್ದು, ಒಂದು ಸಲ ಪುಟಿದು ನೆಟ್ಟಿನ ಕೆಳಗೆ ಉರುಳಿ ಆ ಕಡೆ ಹೋಯಿತು. ಯೋಗರಾಜನ ಪಕ್ಕದಲ್ಲಿ ನಿಂತು ಸುರೇಂದ್ರ ಅದನ್ನು ನೋಡಿದ.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಶ್ರೀನಾಥ ಬಂದು ‘ಹೋಗ್ಲಿ ಬಿಡು, ಎರಡನೇ ಬಹುಮಾನ ಬಂತಲ್ಲ’ ಅಂದ. ಹೇರಂಬ ಮಾತ್ರ ಪೆಂಡಾಲಿನ ಕಂಬ ಹಿಡಿದು ನಿಂತು, ‘ನಿನ್ನ ಜಾಗ ಬಿಟ್ಟು ಎಂತಕ್ಕೆ ಹೋದ್ಯೋ ಮಾರಾಯ’ ಎಂದು ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದ.

ನಲ್ಲಿಯ ಹತ್ತಿರ ಕಾಲು ತೊಳೆಯುವಾಗ ಯೋಗರಾಜ್ ಬಂದು ಪಕ್ಕದಲ್ಲಿ ನಿಂತ. ಊದಿದ ಮಣಿಕಟ್ಟನ್ನು ನೀರಿಗೆ ಹಿಡಿದ. ಮಾತು ಕಡಿಮೆಯ ಮನುಷ್ಯ.

‘ಒಂದು ಕೇಳ್ತೀನಿ ಸುರೇಂದ್ರ. ನಾನು ತೆಗಿತೀನಿ ಅಂತ ನಿಂಗೆ ನಂಬ್ಕೆ ಇರ್ಲಿಲ್ಲನಾ?’

‘ನಿಮ್ಮ ಕೈ ನೋಯ್ತಿತ್ತಲ್ಲ ಯೋಗಣ್ಣ...’

‘ನೋಯ್ತಿತ್ತು. ಆದ್ರೆ ನಾನು ಅಲ್ಲೇ ಇದ್ದೆ ಅಲ್ದಾ?’

ಯೋಗರಾಜ್ ಕೈಯನ್ನು ಟವೆಲಿಗೆ ಒರೆಸಿಕೊಂಡು ಓಮ್ನಿಯ ಕಡೆ ಹೋದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಆಳಕ್ಕೆ ಇಳಿಯಿತು.

ತೀರ್ಥಹಳ್ಳಿಯಿಂದ ಹೊಸನಗರದ ತನಕ ಒಬ್ಬನೇ ಬೈಕಿನಲ್ಲಿ ಬಂದ. ಎಲ್ಲರಿಗೂ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದವನಿಗೆ ದಾರಿಯುದ್ದಕ್ಕೂ ಬೇರೆಯೇ ಒಂದು ಕಾಣಿಸತೊಡಗಿತು. ಹನ್ನೊಂದು ವರ್ಷ ಅವನು ಆ ಕೋರ್ಟಿನಲ್ಲಿ ನೋಡಿದ್ದು ಯಾರು ಬಂದಿಲ್ಲ ಎಂಬುದನ್ನು. ಬಂದವರನ್ನು ಅವನು ನೋಡಿಯೇ ಇರಲಿಲ್ಲ. ಇದ್ದವರು ಇದ್ದಾರೆ, ತಮ್ಮ ಪಾಲಿನದು ಮಾಡುತ್ತಾರೆ ಎಂದು ನಂಬುವುದು ಅವನಿಗೆ ಕಲಿಯಲು ಬಾಕಿಯಿದ್ದ ಒಂದೇ ಆಟ. ದಾರಿಯಲ್ಲಿ ಒಂದು ಕಡೆ ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ ಅತ್ತ. ಹೆಲ್ಮೆಟ್ಟಿನೊಳಗೆ ಅಳುವುದು ಕಷ್ಟದ ಕೆಲಸ, ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ.

ಮಾರನೆಯ ದಿನ, ಸೋಮವಾರ, ಐದು ಗಂಟೆಗೆ ಅವನು ಅಂಗಡಿಯ ಬಾಗಿಲು ಎಳೆಯಲಿಲ್ಲ. ಮಳೆಗಾಲದಲ್ಲಿ ಆಟವೇ ಇಲ್ಲದ ದಿನಗಳನ್ನೂ ದೀಪಾವಳಿಗೆ ಊರಿಗೆ ಹೋದ ದಿನಗಳನ್ನೂ ಬಿಟ್ಟರೆ ಹಾಗಾದದ್ದು ಇದೇ ಮೊದಲು. ಒಂದು ಐದು ಎಚ್‌ಪಿ ಮೋಟಾರಿನ ಸುಟ್ಟ ತಂತಿ ಬಿಚ್ಚುತ್ತ ಕೂತ. ಕಿವಿ ಮಾತ್ರ ರಸ್ತೆಯ ಆಚೆ ಇತ್ತು. ಬೈಕುಗಳು ಒಂದೊಂದಾಗಿ ಬಂದು ನಿಂತ ಸದ್ದು ಕೇಳಿತು. ನಿನ್ನೆಯ ಮಾತು, ನಗು. ಶ್ರೀನಾಥನ ದೊಡ್ಡ ಗಂಟಲು. ಫೋನು ಮೇಜಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡಿದ್ದ. ಸುಮ್ಮನೆ ಹೇಳುವುದೇಕೆ, ಕಾಯುತ್ತಿದ್ದ. ಬರುತ್ತೀಯಾ ಎಂದು ಅವನನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ, ಕೇಳುವ ಪ್ರಸಂಗವನ್ನು ಅವನು ತಂದಿರಲೂ ಇಲ್ಲ. ಫೋನು ಹೊಡೆದುಕೊಳ್ಳಲಿಲ್ಲ. ದಿನಕ್ಕಿಂತ ಕಾಲು ಗಂಟೆ ತಡವಾಗಿ, ಐದೂವರೆಗೆ, ಚೆಂಡಿನ ಸದ್ದು ಶುರುವಾಯಿತು.

ಅಂದರೆ ನನ್ನ ಜಾಗದಲ್ಲಿ ಯಾರನ್ನೋ ನಿಲ್ಲಿಸಿಕೊಂಡರು ಎಂದುಕೊಂಡ. ಅಷ್ಟೇ ತಾನೇ, ಹಾಗೇ ಅಲ್ಲವೇ ನಾನೂ ಎಲ್ಲರ ಜಾಗದಲ್ಲಿ ನಿಂತದ್ದು. ತಂತಿಯ ಚೂರುಗಳನ್ನು ಒಟ್ಟು ಮಾಡಿ ಡಬ್ಬಿಗೆ ಹಾಕಿದ. ಆದರೆ ಸದ್ದಿನಲ್ಲಿ ಏನೋ ಸರಿಯಿಲ್ಲ. ಎರಡು ಸಲ ಬಡಿದ ಚೆಂಡು ಮೂರನೆಯದಕ್ಕೆ ಹೋಗುತ್ತಿಲ್ಲ. ನೆಲಕ್ಕೆ ಬೀಳುತ್ತಿದೆ, ಮತ್ತೆ ಸುಮ್ಮನಾಗುತ್ತದೆ. ಇನ್ನೊಂದು ಸಲವೂ ಹಾಗೇ. ತಡೆಯಲಾರದೆ ಎದ್ದು ರಸ್ತೆಯ ಅಂಚಿಗೆ ಹೋಗಿ ನೋಡಿದ.

ಆ ಕಡೆ ಆರು ಜನ, ಈ ಕಡೆ ಐದು. ಎಲ್ಲರೂ ಅವರವರ ಜಾಗದಲ್ಲಿದ್ದರು. ಹೇರಂಬ ಪ್ಯಾಂಟು ಮಡಚಿಕೊಂಡು ಕಂಬದ ಹತ್ತಿರದ ಕಲ್ಲಿನ ಮೇಲೆ ಕೂತಿದ್ದ. ನೆಟ್ಟಿನ ಹತ್ತಿರ, ಪಾಸರ್ ನಿಲ್ಲುವಲ್ಲಿ, ಯಾರೂ ಇರಲಿಲ್ಲ. ಯಾರೂ ಹೋಗಿ ನಿಂತೂ ಇರಲಿಲ್ಲ. ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದ ಯೋಗರಾಜ್ ಸರ್ವಿಸ್ ಎತ್ತಿ ಆ ಜಾಗಕ್ಕೇ ಕಳಿಸಿದ. ಚೆಂಡು ಖಾಲಿ ನೆಲಕ್ಕೆ ಬಿತ್ತು. ಪಾಯಿಂಟ್ ಆ ಕಡೆಗೆ ಹೋಯಿತು. ಮತ್ತೆ ಸರ್ವಿಸ್ ಬಂತು, ಮತ್ತೆ ಯೋಗರಾಜ್ ಎತ್ತಿದ, ಮತ್ತೆ ಅಲ್ಲಿಗೇ. ಐದು ಜನ ಸೋಲುತ್ತಿದ್ದರು, ಯಾರ ಮುಖದಲ್ಲೂ ಬೇಸರವಿರಲಿಲ್ಲ.

ಕರೆಯುತ್ತಿದ್ದಾರೋ, ನಿನ್ನೆಯದನ್ನು ನೆನಪಿಸುತ್ತಿದ್ದಾರೋ ಸುರೇಂದ್ರನಿಗೆ ತಿಳಿಯಲಿಲ್ಲ. ಅವನು ಬಾರದೆ ಇದ್ದದ್ದಕ್ಕೆ ಒಂದು ಜಾಗ ಖಾಲಿ ಇದೆ ಎಂಬುದಷ್ಟೇ ಕಾಣುತ್ತಿತ್ತು. ಅವನದು ಅಂತ ಒಂದಿದ್ದದ್ದಕ್ಕೇ ಅದು ಖಾಲಿ. ಎಷ್ಟೋ ಜನರ ಖಾಲಿ ಜಾಗಕ್ಕೆ ಅರೆಗಳಿಗೆಯಲ್ಲಿ ಓಡಿದ ಕಾಲು ಈಗ ರಸ್ತೆಯ ಅಂಚು ಬಿಟ್ಟು ಏಳಲೊಲ್ಲದು. ಒಂದು ಬಸ್ಸು ನಡುವೆ ಹಾದುಹೋಯಿತು. ಬಸ್ಸು ಹೋದ ಮೇಲೆ ನೋಡಿದರೆ ಅವರೂ ಅವನನ್ನು ನೋಡಿದ್ದರು. ಯಾರೂ ಕೂಗಲಿಲ್ಲ, ಕೈ ಬೀಸಲಿಲ್ಲ.

ಆ ಕಡೆಯವರು ಹೊಡೆದದ್ದು ನೆಟ್ಟಿಗೆ ಬಡಿದು, ಸರ್ವಿಸ್ ಈಗ ಈ ಕಡೆಗೆ ಬಂದಿತ್ತು. ಯೋಗರಾಜ್ ಚೆಂಡು ತೆಗೆದುಕೊಂಡು ಗೆರೆಯ ಹಿಂದೆ ಹೋದ. ಎಸೆಯಲಿಲ್ಲ. ಚೆಂಡನ್ನು ನೋಯದ ಕೈಯಲ್ಲಿ ಸೊಂಟಕ್ಕೆ ಒತ್ತಿ ಹಿಡಿದು, ಎಷ್ಟು ಹೊತ್ತಾದರೂ ಸರಿ ಎಂಬಂತೆ ನಿಂತುಕೊಂಡ.